ಸಿಕಲ್ ಸೆಲ್ ಇರುವ ತಂಗಿಗೆ ಪಿತ್ತಕೋಶದ ಕಲ್ಲು: ತೆಗೆಸಬೇಕೇ, ಕಾಯಬೇಕೇ?

ಪ್ರಶ್ನೆ: ನಮ್ಮದು ಕೊಡಗಿನ ತಿತಿಮತಿ ಕಡೆಯ ಒಂದು ಹಾಡಿ. ತಂಗಿಗೆ 19 ವರ್ಷ. ಆಶ್ರಮ ಶಾಲೆಯಲ್ಲಿ ಓದುವಾಗ ರಕ್ತ ಪರೀಕ್ಷೆ ಮಾಡಿ ಸಿಕಲ್ ಸೆಲ್ ಕಾಯಿಲೆ ಇದೆ ಎಂದಿದ್ದರು. ಆಗಾಗ ಕೈಕಾಲು ನೋವು ಬರುತ್ತದೆ, ಕಣ್ಣು ಯಾವಾಗಲೂ ಸ್ವಲ್ಪ ಹಳದಿ. ಹೋದ ಕಾಫಿ ಕೊಯ್ಲಿನ ಹೊತ್ತಿಗೆ ಎರಡು ಮೂರು ಸಲ ರಾತ್ರಿ ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯಲಾರದ ನೋವು ಬಂದು ವಾಂತಿಯಾಯಿತು. ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲುಗಳಿವೆ ಎಂದು ಬಂತು. ಒಬ್ಬ ಡಾಕ್ಟರು ಆಪರೇಷನ್ ಮಾಡಿಸಿ ಅನ್ನುತ್ತಾರೆ. ಇನ್ನೊಬ್ಬರು, ಈ ಕಾಯಿಲೆಯವರಿಗೆ ಆಪರೇಷನ್ ಅಪಾಯ, ಹಾಗೇ ಬಿಡಿ ಅನ್ನುತ್ತಾರೆ. ಹಂದಿಮಾಂಸ ತಿಂದು ಹೀಗಾಯಿತು ಅಂತ ನೆಂಟರು. ಕಲ್ಲು ಕರಗಿಸುವ ಔಷಧಿ ಕೊಡುತ್ತೇನೆ ಅಂತ ಇನ್ನೊಬ್ಬರು. ನಾವು ಯಾರ ಮಾತು ಕೇಳಬೇಕು? (ಹೆಸರು ಬೇಡ)

ಉತ್ತರ: ನನ್ನ ಅಭಿಪ್ರಾಯ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೀವು ಬರೆದಿರುವ ನೋವು ಪಿತ್ತಕೋಶದ ನೋವಿನ ಹಾಗೇ ಇದೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ರಕ್ತ ಪರೀಕ್ಷೆ ಮಾಡಿ, ಅದು ಹೌದು ಎಂದರೆ ಪಿತ್ತಕೋಶ ತೆಗೆಸಿಬಿಡುವುದೇ ಸರಿ. ಆದರೆ ಗಡಿಬಿಡಿಯಲ್ಲಿ ಬೇಡ. ದಿನ ಗೊತ್ತುಮಾಡಿಕೊಂಡು, ರಕ್ತ ಸಿದ್ಧ ಇಟ್ಟುಕೊಂಡು, ಸಿಕಲ್ ಸೆಲ್ ಎಂದರೇನು ಎಂದು ಬಲ್ಲ ಅರಿವಳಿಕೆ ತಜ್ಞರು ಇರುವ ಕಡೆ ಮಾಡಿಸಿ. ಇಬ್ಬರು ಡಾಕ್ಟರೂ ನಿಮಗೆ ಸುಳ್ಳು ಹೇಳಿಲ್ಲ. ನೋವು ಕೊಡುತ್ತಿರುವ ಕಲ್ಲನ್ನು ಬಿಡಬಾರದು ಅನ್ನುವುದು ಒಬ್ಬರ ಮಾತು, ತಯಾರಿಯಿಲ್ಲದ ಆಪರೇಷನ್ ಈ ರೋಗದವರಿಗೆ ಅಪಾಯ ಅನ್ನುವುದು ಇನ್ನೊಬ್ಬರ ಭಯ. ಎರಡೂ ನಿಜವಾದ್ದರಿಂದಲೇ ನಿಮ್ಮ ಮುಂದಿರುವ ಕೆಲಸ ತಯಾರಿಯದ್ದು.

ಮೊದಲು ಹಂದಿಮಾಂಸದ ಮೇಲಿನ ಆರೋಪ ತೆಗೆದುಹಾಕೋಣ. ಊಟದ ವಿಷಯದಲ್ಲಿ ತಪ್ಪು ಮಾಡಿದೆ ಎಂದು ಒಂದು ಹುಡುಗಿ ಮನಸ್ಸಿನಲ್ಲಿ ಕೊರಗುವುದು ನನಗೆ ಸಹಿಸದ ಸಂಗತಿ. ಪೇಟೆಯಲ್ಲಿ ನಡುವಯಸ್ಸಿನವರಿಗೆ ಸಾಮಾನ್ಯವಾಗಿ ಆಗುವ ಪಿತ್ತಕೋಶದ ಕಲ್ಲು ಕೊಲೆಸ್ಟರಾಲ್ ಗಟ್ಟಿಯಾಗಿ ಆದದ್ದು. ನಿಮ್ಮ ತಂಗಿಯ ಕಲ್ಲು ಆ ಜಾತಿಯದಲ್ಲ. ನಮ್ಮ ರಕ್ತದ ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ. ಸಿಕಲ್ ಸೆಲ್ ರೋಗದಲ್ಲಿ ಹಿಮೋಗ್ಲೋಬಿನ್‌ನಲ್ಲಿರುವ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಅಷ್ಟಕ್ಕೇ ಆ ಕಣ, ಆಮ್ಲಜನಕ ಕಡಿಮೆಯಾದ ಕಡೆ ಬಾಗಿ ಗಡುಸಾಗಿ, 10ರಿಂದ 20 ದಿನಗಳಲ್ಲೇ ಒಡೆದುಹೋಗುತ್ತದೆ. ಒಡೆದ ಕಣದೊಳಗಿನ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ರಕ್ತದಿಂದ ತೆಗೆದು ಪಿತ್ತರಸಕ್ಕೆ ಬಿಡುವುದು ಲಿವರ್‌ನ ಕೆಲಸ. ಹುಟ್ಟಿದಂದಿನಿಂದ ಪ್ರತಿದಿನ ಮಾಮೂಲಿಗಿಂತ ಎಷ್ಟೋ ಪಟ್ಟು ಬಿಲಿರುಬಿನ್ ಪಿತ್ತಕೋಶಕ್ಕೆ ಬಂದು ಬೀಳುತ್ತಿದ್ದರೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಮೊದಲು ಕೆಸರಿನಂತಾಗಿ, ಆಮೇಲೆ ಹರಳುಗಟ್ಟುತ್ತದೆ.

ಆಪರೇಷನ್ ಮುಗಿದ ಮೇಲೆ ತೆಗೆದ ಪಿತ್ತಕೋಶವನ್ನು ಸ್ಟೀಲ್ ಟ್ರೇಯಲ್ಲಿಟ್ಟು ಉದ್ದಕ್ಕೆ ಸೀಳಿ ಮನೆಯವರಿಗೆ ತೋರಿಸುವ ರೂಢಿ ಅನೇಕ ಕಡೆ ಇದೆ. ಇಂಥವರ ಪಿತ್ತಕೋಶದಿಂದ ಹೊರಬೀಳುವ ಕಲ್ಲುಗಳು ನಿಮ್ಮ ತೋಟದ ಒಣಗಿದ ಕರಿಮೆಣಸಿನ ಹಾಗೇ ಇರುತ್ತವೆ: ಕಪ್ಪು, ಸಣ್ಣ, ಮೈ ತರಿತರಿ. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತವೆ. ಆ ಕಪ್ಪು ಬಣ್ಣ ಬಿಲಿರುಬಿನ್‌ನದು. ಹಂದಿಮಾಂಸಕ್ಕೂ ಖಾರಕ್ಕೂ ಅದರಲ್ಲಿ ಪಾಲಿಲ್ಲ. ಜಿಡ್ಡಿನ ಊಟದ ಸಂಬಂಧ ಬೇರೆ. ಜಿಡ್ಡು ಕರುಳಿಗೆ ಇಳಿದಾಗ ಪಿತ್ತಕೋಶ ಹಿಂಡಿಕೊಂಡು ಪಿತ್ತರಸ ಹೊರಗೆ ಬಿಡುತ್ತದೆ. ಪಿತ್ತಕೋಶದ ಬಾಯಲ್ಲಿ ಕಲ್ಲು ಕೂತಿದ್ದರೆ ಆ ಹಿಂಡುವಿಕೆಯೇ ನೋವಾಗುತ್ತದೆ. ಅಂದರೆ ಹಂದಿಸಾರು ಕಲ್ಲನ್ನು ಹುಟ್ಟಿಸಲಿಲ್ಲ, ಇದ್ದ ಕಲ್ಲಿನ ನೋವನ್ನು ಕೆಣಕಿತು. ಆಪರೇಷನ್ ಆಗುವವರೆಗೆ ಕೊಬ್ಬಿನ ತುಂಡು, ಕರಿದದ್ದು ಕಡಿಮೆ ಮಾಡಲಿ. ಉಪವಾಸ ಮಾತ್ರ ಬೇಡ. ಊಟವಿಲ್ಲದೆ ಬಹಳ ಹೊತ್ತು ಇದ್ದರೆ ಪಿತ್ತರಸ ನಿಂತಲ್ಲೇ ಮಂದವಾಗುತ್ತದೆ.

19ಕ್ಕೇ ಕಲ್ಲೇ ಎಂದು ನಿಮಗೆ ಆಶ್ಚರ್ಯವಾಗಿರಬಹುದು. ಈ ರೋಗದಲ್ಲಿ ಹತ್ತು ವರ್ಷದೊಳಗಿನ ಮಕ್ಕಳಲ್ಲೂ ಕಲ್ಲು ಸಿಗುತ್ತದೆ. ದೊಡ್ಡವರಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇರುತ್ತದೆ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡವಾಗಿ ಆಗುವುದಕ್ಕೂ ಕಾರಣವಿದೆ. ಬಿಲಿರುಬಿನ್ನನ್ನು ಹೊರಹಾಕಲು ಸಿದ್ಧಮಾಡುವ ಲಿವರ್‌ನ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಸ್ವಲ್ಪ ನಿಧಾನ. ಇದಕ್ಕೆ ಗಿಲ್ಬರ್ಟ್ ಲಕ್ಷಣ ಎನ್ನುತ್ತಾರೆ. ಅದೊಂದೇ ಇದ್ದರೆ ನಿರಪಾಯ, ಸಿಕಲ್ ಸೆಲ್ ಜೊತೆ ಸೇರಿದರೆ ಕಲ್ಲು ಬೇಗ ಕಟ್ಟುತ್ತದೆ. ಜೊತೆಗೆ ಆಲ್ಫಾ ಥಲಸ್ಸೀಮಿಯಾ ಎಂಬ, ಹಿಮೋಗ್ಲೋಬಿನ್ನಿನ ಇನ್ನೊಂದು ಹುಟ್ಟುದೋಷ ಇರುವವರಲ್ಲಿ ಕಣಗಳು ಒಡೆಯುವುದು ಕಡಿಮೆ, ಕಲ್ಲೂ ಕಡಿಮೆ.

ಹಾಡಿಯವರಿಗೇ ಯಾಕೆ ಈ ಕಾಯಿಲೆ ಎಂದು ನೀವು ಕೇಳಿಲ್ಲ. ಆದರೆ ನೆಂಟರ ಮಾತಿನ ಹಿಂದೆ ಆ ಪ್ರಶ್ನೆ ಇರುತ್ತದೆ. ಭಾರತದಲ್ಲಿ ಸಿಕಲ್ ಸೆಲ್ ಮೊದಲು ಗೊತ್ತಾದದ್ದು ನಿಮ್ಮ ನೆರೆಯ ನೀಲಗಿರಿಯ ಆದಿವಾಸಿಗಳಲ್ಲಿ, 1952ರಲ್ಲಿ. ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು ಸಂಶೋಧಕರು ಅದನ್ನು ದಾಖಲಿಸಿದರು. ವಯನಾಡಿನ ಪಣಿಯ, ಕುರಿಚ್ಯ ಸಮುದಾಯಗಳಲ್ಲಿ, ಈಚೆ ಕಡೆ ನಮ್ಮ ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗರಲ್ಲಿ ಇದು ಇದೆ. ಮಲೇರಿಯಾ ಹೆಚ್ಚಿದ್ದ ಕಾಡುಗಳಲ್ಲಿ ಈ ಜೀನ್‌ನ ಒಂದು ಪ್ರತಿ ಇದ್ದವರು ಮಲೇರಿಯಾದ ಕೆಟ್ಟ ರೂಪದಿಂದ ಉಳಿದುಕೊಂಡರು, ಆದ್ದರಿಂದ ಅದು ತಲೆಮಾರಿನಿಂದ ತಲೆಮಾರಿಗೆ ಉಳಿಯಿತು. ನಿಮ್ಮ ಹಿರಿಯರನ್ನು ಕಾಪಾಡಿದ ಜೀನ್ ಅದು. ಅಪ್ಪ, ಅಮ್ಮ ಇಬ್ಬರಿಂದಲೂ ಒಂದೊಂದು ಪ್ರತಿ ಬಂದಾಗ ಮಾತ್ರ ರೋಗವಾಗುತ್ತದೆ. ಯಾರ ಶಾಪವೂ ಇದರಲ್ಲಿಲ್ಲ, ಯಾರೂ ತಲೆ ತಗ್ಗಿಸಬೇಕಾದ್ದೂ ಇಲ್ಲ.

ಈಗ ಹಳದಿ ಕಣ್ಣಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಕೊಡಗಿನಲ್ಲಿ ಈ ಮಕ್ಕಳಿಗೆ ಅತಿ ಹೆಚ್ಚು ತೊಂದರೆಯಾಗುವುದು ಇಲ್ಲೇ. ಕಣ್ಣು ಹಳದಿಯಾದ ಕೂಡಲೇ ಕಾಮಾಲೆ ಅನ್ನುತ್ತಾರೆ. ಕಾಮಾಲೆ ಅಂದ ಕೂಡಲೇ ಕಿರುನೆಲ್ಲಿ ಅರೆದು ಕುಡಿಸುತ್ತಾರೆ, ಉಪ್ಪಿಲ್ಲದ ಎಣ್ಣೆಯಿಲ್ಲದ ಪಥ್ಯ ಹಿಡಿಸುತ್ತಾರೆ. ಕೆಲವು ಕಡೆ ಬರೆಯನ್ನೂ ಹಾಕುತ್ತಾರೆ. ನಿಮ್ಮ ತಂಗಿಯ ಕಣ್ಣಿನ ದಿನನಿತ್ಯದ ಹಳದಿ ಕಣಗಳು ಒಡೆಯುವುದರಿಂದ ಬಂದದ್ದು. ಅದು ಲಿವರ್ ಕೆಟ್ಟದ್ದಲ್ಲ, ಕಲ್ಲು ಅಡ್ಡ ಕೂತದ್ದೂ ಅಲ್ಲ. ಪಥ್ಯದ ಹೆಸರಿನಲ್ಲಿ ಊಟ ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗಿ ಕೈಕಾಲು ನೋವಿನ ಸಂಕಟ ಶುರುವಾಗುತ್ತದೆ. ಬರೆ ಹಾಕಿದ ಗಾಯ ಈ ಮಕ್ಕಳಲ್ಲಿ ಸೋಂಕಿಗೆ ದಾರಿ. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ, ನನಗೆ ಗೊತ್ತು. ಆದರೂ ದಯವಿಟ್ಟು ಬೇಡ ಎಂದು ಹೇಳಿ.

ಹಾಗಾದರೆ ಕಲ್ಲಿನಿಂದ ಬಂದ ಕಾಮಾಲೆ ಯಾವುದು? ಪಿತ್ತಕೋಶದೊಳಗೆ ಸುಮ್ಮನೆ ಇರುವ ಕಲ್ಲು ಕಣ್ಣನ್ನು ಹಳದಿ ಮಾಡುವುದಿಲ್ಲ. ಕಲ್ಲು ಅಲ್ಲಿಂದ ಜಾರಿ ಲಿವರ್‌ನಿಂದ ಕರುಳಿಗೆ ಹೋಗುವ ದೊಡ್ಡ ಪಿತ್ತನಾಳದಲ್ಲಿ ಸಿಕ್ಕಿಕೊಂಡಾಗ ಹಾಗಾಗುತ್ತದೆ. ಆಗ ಹಳದಿ ಒಂದೆರಡು ದಿನದಲ್ಲೇ ಮಾಮೂಲಿಗಿಂತ ದಟ್ಟವಾಗುತ್ತದೆ, ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ, ಮೈ ತುರಿಸಬಹುದು. ಮುಖ್ಯವಾಗಿ, ಮಲದ ಬಣ್ಣ ಹೋಗಿ ಬಿಳಿಚಿಕೊಂಡು ಸುಣ್ಣ ಕಲಸಿದ ಮಣ್ಣಿನಂತಾಗುತ್ತದೆ. ಮೂತ್ರವೊಂದನ್ನೇ ನಂಬಬೇಡಿ. ಸಿಕಲ್ ಸೆಲ್ ಇರುವವರಿಗೆ ನೀರು ಕಡಿಮೆಯಾದರೂ, ಕಣಗಳು ಹೆಚ್ಚು ಒಡೆದರೂ ಮೂತ್ರ ಬಣ್ಣವಾಗುತ್ತದೆ. ಮಲದ ಬಣ್ಣ ಹೆಚ್ಚು ನಿಜ ಹೇಳುತ್ತದೆ. ಹೇಳಿಕೊಳ್ಳಲು ಹುಡುಗಿಗೆ ನಾಚಿಕೆಯಾಗಬಹುದು, ಅಮ್ಮನಾದರೂ ಕೇಳಿ ತಿಳಿದುಕೊಳ್ಳಲಿ. ಲ್ಯಾಬ್ ವರದಿಯಲ್ಲಿ ಒಟ್ಟು ಬಿಲಿರುಬಿನ್‌ನ ಕೆಳಗೆ ಡೈರೆಕ್ಟ್, ಇನ್‌ಡೈರೆಕ್ಟ್ ಎಂದು ಎರಡು ಸಾಲು ಇರುತ್ತವೆ. ಕಣ ಒಡೆದು ಬಂದದ್ದು ಇನ್‌ಡೈರೆಕ್ಟ್. ನಾಳ ಕಟ್ಟಿಕೊಂಡರೆ ಡೈರೆಕ್ಟ್ ಏರುತ್ತದೆ. ಅದಕ್ಕೇ ಆರಾಮವಾಗಿರುವ ದಿನದಲ್ಲಿ ಒಂದು ಸಲ ಈ ಪರೀಕ್ಷೆ ಮಾಡಿಸಿ ಕಾಗದ ಇಟ್ಟುಕೊಂಡಿರಿ. ಕಾಯಿಲೆಯ ದಿನ ಡಾಕ್ಟರಿಗೆ ಹೋಲಿಸಿ ನೋಡಲು ಅದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ.

ನಿಮ್ಮ ತಂಗಿಯ ನೋವು ಯಾರದು, ಕಲ್ಲಿನದೋ ಸಿಕಲ್‌ದೋ, ಎನ್ನುವುದು ಈ ಇಡೀ ವಿಷಯದಲ್ಲಿ ಕಷ್ಟದ ಪ್ರಶ್ನೆ. ಬಾಗಿದ ಕಣಗಳು ಹೊಟ್ಟೆಯ ರಕ್ತನಾಳಗಳಲ್ಲಿ ಸಿಕ್ಕಿಕೊಂಡರೂ ಹೊಟ್ಟೆನೋವು ಬರುತ್ತದೆ, ಲಿವರ್‌ನಲ್ಲಿ ಸಿಕ್ಕಿಕೊಂಡರೆ ಕಲ್ಲಿನ ನೋವಿನ ಜಾಗದಲ್ಲೇ ಬರುತ್ತದೆ, ಕಾಮಾಲೆಯೂ ಏರುತ್ತದೆ. ಎದೆಗೂಡಿನ ಕೆಳಗಿನ ಪಕ್ಕೆಲುಬಿನ ನೋವು, ಶ್ವಾಸಕೋಶದ ಬುಡದ ತೊಂದರೆ ಕೂಡ ಹೊಟ್ಟೆಯ ಮೇಲ್ಭಾಗದ ನೋವಾಗಿ ಕಾಣಿಸಬಹುದು. ಕೆಲವು ಗುರುತುಗಳು ಸಹಾಯ ಮಾಡುತ್ತವೆ. ಪಿತ್ತಕೋಶದ ನೋವು ಸಾಮಾನ್ಯವಾಗಿ ಊಟವಾದ ಮೇಲೆ, ಬಹಳ ಸಲ ರಾತ್ರಿ ಬರುತ್ತದೆ. ಬಲಪಕ್ಕೆಲುಬಿನ ಕೆಳಗೆ ಅಥವಾ ಎದೆಗುಂಡಿಯ ಕೆಳಗೆ ಹಿಡಿದುಕೊಂಡು ಬಲ ಭುಜದ ಹಿಂದಕ್ಕೆ ಎಳೆಯುತ್ತದೆ. ವಾಂತಿಯಾಗುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆಯಿದ್ದು ತಾನಾಗಿ ಇಳಿಯುತ್ತದೆ. ಸಿಕಲ್ ನೋವು ಮಳೆಯಲ್ಲಿ ನೆನೆದ ಮೇಲೆ, ಚಳಿ ಹತ್ತಿದ ಮೇಲೆ, ಜ್ವರದ ಜೊತೆ ಬರುವುದು ಹೆಚ್ಚು. ಸೊಂಟ, ತೊಡೆ, ಬೆನ್ನು ಹೀಗೆ ಜಾಗ ಬದಲಾಯಿಸುತ್ತದೆ, ದಿನಗಟ್ಟಲೆ ಉಳಿಯುತ್ತದೆ. ಊಟಕ್ಕೂ ಅದಕ್ಕೂ ಸಂಬಂಧವಿರುವುದಿಲ್ಲ.

ಡಾಕ್ಟರು ಮಾಡುವ ಒಂದು ಪರೀಕ್ಷೆಯನ್ನು ನೀವು ನೋಡಿರಬಹುದು. ಬಲಪಕ್ಕೆಲುಬಿನ ಅಂಚಿನ ಕೆಳಗೆ ಬೆರಳಿಟ್ಟು, ಉಸಿರು ಒಳಗೆಳೆದುಕೋ ಮಗಳೇ ಅನ್ನುತ್ತಾರೆ. ಉಸಿರೆಳೆದಾಗ ಲಿವರ್ ಜೊತೆ ಪಿತ್ತಕೋಶವೂ ಕೆಳಗಿಳಿದು ಬೆರಳಿಗೆ ತಾಗುತ್ತದೆ. ಅದು ಊದಿಕೊಂಡಿದ್ದರೆ ಉಸಿರು ಅರ್ಧಕ್ಕೇ ಕಟ್ಟಿ, ಮುಖ ಕಿವುಚುತ್ತದೆ. ಯಂತ್ರ ಬೇಡದ ಪರೀಕ್ಷೆ, ಆದರೆ ಪಿತ್ತಕೋಶ ಕೆರಳಿದೆಯೋ ಇಲ್ಲವೋ ಎಂದು ಚೆನ್ನಾಗಿ ಹೇಳುತ್ತದೆ. ನೋವಿನ ಹೊತ್ತಿನಲ್ಲಿ ತಂಗಿಯನ್ನು ತೋರಿಸಿದ್ದೀರೋ, ಇಲ್ಲಾ ನೋವು ಹೋದ ಮೇಲೆ ಬರೀ ಸ್ಕ್ಯಾನಿಂಗ್ ಚೀಟಿ ತೋರಿಸಿದ್ದೀರೋ, ನಿಮ್ಮ ಪತ್ರದಿಂದ ತಿಳಿಯಲಿಲ್ಲ. ಇಬ್ಬರು ಡಾಕ್ಟರ ಮಾತು ಬೇರೆಯಾಗಲು ಅದೂ ಕಾರಣವಿರಬಹುದು. ಒಂದು ಚಿಕ್ಕ ನೋಟ್‌ಬುಕ್ ಇಡಿ. ನೋವು ಬಂದ ದಿನ, ಗಂಟೆ, ಅದಕ್ಕೆ ಮುಂಚೆ ತಿಂದದ್ದು, ಎಲ್ಲಿ ನೋವು, ಎಷ್ಟು ಹೊತ್ತು, ಜ್ವರವಿತ್ತೇ ಅನ್ನುವುದನ್ನು ಬರೆಯಿರಿ. ಓದಲು ಬರೆಯಲು ಬಲ್ಲ ನೀವೇ ಬರೆದುಕೊಡಿ.

ನೋವು ಆರು ಗಂಟೆ ದಾಟಿಯೂ ಬಿಡದಿದ್ದರೆ, ಚಳಿ ನಡುಕದ ಜ್ವರ ಬಂದರೆ, ಹಳದಿ ದಟ್ಟವಾದರೆ, ನೋವು ಬೆನ್ನಿಗೆ ತೂರಿಕೊಂಡು ವಾಂತಿ ನಿಲ್ಲದಿದ್ದರೆ ಆ ರಾತ್ರಿಯೇ ಹೊರಡಿ. ಬೆಳಗಾಗಲಿ ಅನ್ನಬೇಡಿ. ಮೊದಲನೆಯದು ಪಿತ್ತಕೋಶದ ಉರಿಯೂತ ಇರಬಹುದು. ಜ್ವರ, ಹಳದಿ, ನೋವು ಮೂರೂ ಸೇರಿದರೆ ಪಿತ್ತನಾಳದ ಸೋಂಕು, ಅದು ಗಂಟೆಗಳಲ್ಲಿ ರಕ್ತಕ್ಕೆ ಹರಡುತ್ತದೆ. ಕೊನೆಯದು ಮೇದೋಜೀರಕ ಗ್ರಂಥಿಯ ಉರಿಯೂತ. ಎದೆನೋವು, ಏದುಸಿರು, ಇಲ್ಲವೇ ಎಡಪಕ್ಕೆಯ ಕೆಳಗೆ ಹೊಟ್ಟೆ ಉಬ್ಬಿ ಮುಖ ಬಿಳಿಚಿಕೊಂಡರೆ ಅದು ಕಲ್ಲಿನದಲ್ಲ, ಸಿಕಲ್‌ನ ತುರ್ತು. ಅದಕ್ಕೂ ತಡ ಮಾಡಬಾರದು. ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ಹೇಳಬೇಕಾದ ಮೊದಲ ಮಾತು, ಇವಳಿಗೆ ಸಿಕಲ್ ಸೆಲ್ ರೋಗವಿದೆ, ಎಂಬುದು.

ಸ್ಕ್ಯಾನಿಂಗ್ ಬಗ್ಗೆ ಒಂದು ಮಾತು. ಪಿತ್ತಕೋಶ ನೋಡಲು ಅಲ್ಟ್ರಾಸೌಂಡ್ ಸಾಕು. ಸಿ.ಟಿ.ಗೆ ದುಡ್ಡು ಸುರಿಯಬೇಕಿಲ್ಲ. ಆರೆಂಟು ಗಂಟೆ ಊಟ ಬಿಟ್ಟು ಹೋದರೆ ಪಿತ್ತಕೋಶ ತುಂಬಿಕೊಂಡು ಚೆನ್ನಾಗಿ ಕಾಣುತ್ತದೆ. ನೀರು ಎಷ್ಟು ಕುಡಿಯಬಹುದು ಎಂದು ಅಲ್ಲೇ ಕೇಳಿಕೊಳ್ಳಿ, ಬಾಯಿ ಒಣಗಿಸಿಕೊಂಡು ಬಸ್ಸಿನಲ್ಲಿ ಕೂರಿಸಬೇಡಿ. ಇನ್ನೊಂದು, ಸ್ಕ್ಯಾನಿಂಗ್‌ಗೆ ಮುಂಚಿನ ವಾರಗಳಲ್ಲಿ ಜ್ವರಕ್ಕೆಂದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟಿದ್ದರೆ ಅದನ್ನು ಹೇಳಿ. ಈ ಔಷಧಿ ಕ್ಯಾಲ್ಸಿಯಂ ಜೊತೆ ಸೇರಿ ಪಿತ್ತಕೋಶದಲ್ಲಿ ಕಲ್ಲಿನ ಹಾಗೆ ಕಾಣುವ ಗಷ್ಟು ಕಟ್ಟುತ್ತದೆ, ನಿಲ್ಲಿಸಿದ ಕೆಲವು ವಾರಗಳಲ್ಲಿ ತಾನಾಗಿ ಕರಗುತ್ತದೆ. ಹಾಗಿದ್ದರೆ ಮತ್ತೊಮ್ಮೆ ಸ್ಕ್ಯಾನ್ ಮಾಡಿದ ಮೇಲೆಯೇ ಆಪರೇಷನ್ ಮಾತು. ಔಷಧಿ ಒಳ್ಳೆಯದೇ, ಸೋಂಕಿನಲ್ಲಿ ಜೀವ ಉಳಿಸುತ್ತದೆ. ಅದನ್ನು ಕೊಟ್ಟಿದ್ದರು ಎನ್ನುವುದು ಗೊತ್ತಿರಬೇಕು, ಅಷ್ಟೇ.

ಕಲ್ಲು ಕರಗಿಸುವ ಔಷಧಿಗೆ ಬರುತ್ತೇನೆ. ಬಾಳೆದಿಂಡಿನ ರಸ, ಕಾಡುಬಸಳೆ ಎಲೆ ಎಲ್ಲವನ್ನೂ ಜನ ಹೇಳುವುದು ಕಿಡ್ನಿ ಕಲ್ಲಿಗೆ. ಕಿಡ್ನಿ ಕಲ್ಲು ಮೂತ್ರದ ದಾರಿಯಲ್ಲಿರುತ್ತದೆ, ಪಿತ್ತಕೋಶಕ್ಕೂ ಮೂತ್ರಕ್ಕೂ ದಾರಿಯೇ ಇಲ್ಲ. ನಿಂಬೆರಸ, ಆಲಿವ್ ಎಣ್ಣೆ ಒಂದೇ ಸಲ ಕುಡಿದು ಬೆಳಿಗ್ಗೆ ಹಸಿರು ಗುಳಿಗೆಗಳು ಹೊರಬಂದವು ಎಂದು ಮೊಬೈಲಿನಲ್ಲಿ ತೋರಿಸುತ್ತಾರಲ್ಲ, ಅವು ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು. ಆಸ್ಪತ್ರೆಯಲ್ಲೇ ಕೊಡುವ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಲೆಸ್ಟರಾಲ್ ಕಲ್ಲನ್ನು ನಿಧಾನವಾಗಿ ಕರಗಿಸಬಲ್ಲದು. ಬಿಲಿರುಬಿನ್ ಕಲ್ಲಿನ ಮೇಲೆ ಅದರ ಆಟ ನಡೆಯುವುದಿಲ್ಲ. ಕಿಡ್ನಿ ಕಲ್ಲಿನಂತೆ ಹೊರಗಿನಿಂದ ಒಡೆಸುವುದೂ ಇಲ್ಲಿ ಸಲ್ಲದು. ಕಲ್ಲು ಮಾತ್ರ ತೆಗೆದು ಪಿತ್ತಕೋಶ ಉಳಿಸಿದರೆ ಮತ್ತೆ ಅದರಲ್ಲೇ ಕಟ್ಟುತ್ತದೆ. ಆದ್ದರಿಂದ ಪಿತ್ತಕೋಶವನ್ನೇ ತೆಗೆಯುತ್ತಾರೆ. ಕರಗಿಸುತ್ತೇನೆ ಎಂದವರಿಗೆ ಕೊಡಬೇಕೆಂದಿರುವ ದುಡ್ಡನ್ನು ಬಸ್ ಚಾರ್ಜಿಗೆ ಇಟ್ಟುಕೊಳ್ಳಿ.

ನೋವೇ ಕೊಡದ ಕಲ್ಲಿಗೆ ಏನು ಮಾಡಬೇಕು ಎಂಬುದರಲ್ಲಿ ವೈದ್ಯರಲ್ಲಿ ಎರಡು ಮತಗಳಿವೆ. ಅಮೆರಿಕದ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ 2014ರ ಮಾರ್ಗಸೂಚಿ ಕಾದು ನೋಡಿ ಎನ್ನುತ್ತದೆ, ತೊಂದರೆ ಶುರುವಾದರೆ ಲ್ಯಾಪರೋಸ್ಕೋಪಿಯಲ್ಲಿ ತೆಗೆಯಿರಿ ಎನ್ನುತ್ತದೆ. ಮುಂದೆ ತುರ್ತಿನಲ್ಲಿ ತೆಗೆಯುವುದಕ್ಕಿಂತ ಆರಾಮವಾಗಿರುವಾಗಲೇ ತೆಗೆಯುವುದು ವಾಸಿ ಎನ್ನುವ ಶಸ್ತ್ರಚಿಕಿತ್ಸಕರೂ ಇದ್ದಾರೆ. ನಾನು ಸಾಮಾನ್ಯವಾಗಿ ಮೊದಲಿನವರ ಪಕ್ಷ. ಆದರೆ ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಊರಿನವರಾದರೆ, ನೋವು ಬಂದಾಗ ಗಾಡಿ ಸಿಗದ ಹಾಡಿಯವರಾದರೆ ಎರಡನೆಯ ಮಾತನ್ನೂ ಗಂಭೀರವಾಗಿ ಯೋಚಿಸುತ್ತೇನೆ. ನಿಮ್ಮ ತಂಗಿಯ ವಿಷಯದಲ್ಲಿ ಈ ಚರ್ಚೆಯೇ ಬೇಕಿಲ್ಲ. ಅವಳ ಕಲ್ಲು ಈಗಾಗಲೇ ನೋವು ಕೊಟ್ಟಿದೆ. ಒಮ್ಮೆ ಹೀಗೆ ಶುರುವಾದ ಮೇಲೆ ಮರುಕಳಿಸುವುದೇ ಹೆಚ್ಚು, ಮತ್ತು ಸಣ್ಣ ಕಲ್ಲುಗಳೇ ಸುಲಭವಾಗಿ ನಾಳಕ್ಕೆ ಜಾರುತ್ತವೆ.

ಆಪರೇಷನ್‌ನ ಅಪಾಯ ಎಲ್ಲಿದೆ? ಹೊಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ತೂತು ಮಾಡಿ ಪಿತ್ತಕೋಶ ತೆಗೆಯುವುದು ಇವತ್ತು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲೂ ಮಾಮೂಲಿ ಕೆಲಸ. ಸಿಕಲ್ ಸೆಲ್ ಇರುವವರಿಗೆ ತೊಂದರೆ ಬರುವುದು ಕತ್ತರಿಸುವ ಜಾಗದಿಂದಲ್ಲ. ನೀರು ಕಡಿಮೆಯಾಗುವುದು, ಮೈ ತಣ್ಣಗಾಗುವುದು, ಆಮ್ಲಜನಕ ಇಳಿಯುವುದು, ನೋವಿಗೆ ಹೆದರಿ ಉಸಿರು ಪೂರ್ತಿ ಎಳೆಯದೆ ಇರುವುದು, ಈ ನಾಲ್ಕೂ ಕಣಗಳನ್ನು ಬಾಗಿಸುತ್ತವೆ. ಆಗ ಆಪರೇಷನ್ ಆದ ಎರಡು ಮೂರನೇ ದಿನ ಶ್ವಾಸಕೋಶದಲ್ಲಿ ಕಣಗಳು ಸಿಕ್ಕಿಕೊಂಡು ಎದೆನೋವು, ಜ್ವರ, ಏದುಸಿರು ಬರಬಹುದು. ನಾವು ಹೆದರುವುದು ಇದಕ್ಕೇ. ಇದನ್ನು ತಡೆಯುವ ದಾರಿಗಳೂ ಗೊತ್ತಿವೆ. ಆಪರೇಷನ್‌ಗೆ ಮೊದಲು ರಕ್ತ ಕೊಟ್ಟು ಹಿಮೋಗ್ಲೋಬಿನ್ ಅನ್ನು 10 ಗ್ರಾಂ ಹತ್ತಿರಕ್ಕೆ ತರುವುದು ಮುಖ್ಯವಾದದ್ದು. ಆಪರೇಷನ್ನಿಗೆ ಮೊದಲು ರಕ್ತ ಏರಿಸಿಕೊಂಡ ರೋಗಿಗಳನ್ನೂ ಏರಿಸಿಕೊಳ್ಳದವರನ್ನೂ ಹೋಲಿಸಿ 2013ರಲ್ಲಿ ಪ್ರಕಟವಾದ ಟ್ಯಾಪ್ಸ್ ಎಂಬ ಅಧ್ಯಯನವನ್ನು, ರಕ್ತ ಏರಿಸಿಕೊಳ್ಳದವರಲ್ಲಿ ಎದೆಯ ತೊಡಕು ಹೆಚ್ಚು ಕಂಡದ್ದರಿಂದ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಹಾಗೆಂದು 10 ದಾಟಿಸಿ ಏರಿಸುತ್ತ ಹೋಗಬಾರದು. ಈ ರೋಗದಲ್ಲಿ ರಕ್ತ ಹೆಚ್ಚು ಮಂದವಾದರೂ ತೊಂದರೆಯೇ. ತಂಗಿಯ ಹಿಮೋಗ್ಲೋಬಿನ್ ಈಗಾಗಲೇ 9ರ ಮೇಲಿದ್ದರೆ ಸುಮ್ಮನೆ ರಕ್ತ ಏರಿಸುವುದು ಸರಿಯಲ್ಲ, ಸ್ವಲ್ಪ ತೆಗೆದು ಸ್ವಲ್ಪ ಕೊಡುವ ಕ್ರಮ ಬೇಕಾಗಬಹುದು. ಇದನ್ನು ನಿರ್ಧರಿಸಲು ರಕ್ತರೋಗ ತಜ್ಞರೋ ಈ ರೋಗ ನೋಡಿ ಅನುಭವವಿರುವ ಫಿಜಿಶಿಯನ್ನರೋ ಬೇಕು. ರಕ್ತದ ಗುಂಪು ಮಾತ್ರವಲ್ಲ, ಆರ್‌ಎಚ್‌ನ ಒಳಗುಂಪುಗಳೂ ಕೆಲ್ ಎಂಬ ಗುಂಪೂ ಹೊಂದುವ ರಕ್ತ ಸಿಕ್ಕರೆ ಉತ್ತಮ. ಮುಂಚೆ ಎಂದಾದರೂ ತಂಗಿಗೆ ರಕ್ತ ಏರಿಸಿದ್ದರೆ ಅದನ್ನು ತಪ್ಪದೆ ಹೇಳಿ.

ಆಪರೇಷನ್ ಹಿಂದಿನ ರಾತ್ರಿ ಏನೂ ತಿನ್ನಬಾರದು ಎಂದು ಹೇಳಿದಾಗಿನಿಂದಲೇ ಡ್ರಿಪ್ ಹಾಕಿಸಿ ಎಂದು ಕೇಳಿ. ಬೆಳಗಿನ ಮೊದಲ ಕೇಸು ಮಾಡಿ ಎಂದೂ ಕೇಳಬಹುದು. ಕಂಬಳಿ, ಸ್ವೆಟರ್, ಕಾಲುಚೀಲ ಮನೆಯಿಂದಲೇ ಒಯ್ಯಿರಿ. ಆಪರೇಷನ್ ಆದ ಮೇಲೆ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಉಸಿರೆಳೆದು ಚೆಂಡು ಮೇಲೇರಿಸು ಅನ್ನುತ್ತಾರೆ. ಅದು ಮಕ್ಕಳಾಟದ ಹಾಗೆ ಕಂಡರೂ ಶ್ವಾಸಕೋಶದ ಮೂಲೆಮೂಲೆಗೆ ಗಾಳಿ ತಲುಪಿಸುವ ಔಷಧಿ. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಎಳೆಯಲಿ, ನೀವು ಪಕ್ಕದಲ್ಲಿ ಕೂತು ಎಣಿಸಿ. ನೋವಿದ್ದರೆ ಉಸಿರೆಳೆಯಲಾಗುವುದಿಲ್ಲ, ಆದ್ದರಿಂದ ನೋವಿನ ಔಷಧಿಗೆ ಹಿಂಜರಿಯಬೇಡಿ. ಮಾರನೇ ದಿನದಿಂದ ಎದ್ದು ನಡೆಯಲಿ.

ಕಲ್ಲು ಈಗಾಗಲೇ ದೊಡ್ಡ ನಾಳದಲ್ಲಿದ್ದರೆ ಕ್ರಮ ಸ್ವಲ್ಪ ಬೇರೆ. ಬಾಯಿಯ ಮೂಲಕ ಕೊಳವೆ ಇಳಿಸಿ ಇ.ಆರ್.ಸಿ.ಪಿ. ಮಾಡಿ ಆ ಕಲ್ಲನ್ನು ಮೊದಲು ತೆಗೆಯುತ್ತಾರೆ, ಆಮೇಲೆ ಪಿತ್ತಕೋಶದ ಆಪರೇಷನ್. ಅದಕ್ಕೆ ಮೈಸೂರಿನ ದಾರಿ ಹಿಡಿಯಬೇಕಾಗುತ್ತದೆ.

ಎಲ್ಲಿ, ಯಾವಾಗ? ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಶಸ್ತ್ರಚಿಕಿತ್ಸಕರನ್ನೂ ಅರಿವಳಿಕೆಯವರನ್ನೂ ಒಟ್ಟಿಗೆ ಕಂಡು, ಇಲ್ಲೇ ಆಗುವುದೋ ಮೈಸೂರಿಗೆ ಕಳಿಸುತ್ತೀರೋ ಎಂದು ನೇರವಾಗಿ ಕೇಳಿ. ಕಳಿಸುತ್ತೇವೆ ಎಂದರೆ ಬೇಸರ ಮಾಡಿಕೊಳ್ಳಬೇಡಿ, ಅದು ಜವಾಬ್ದಾರಿಯ ಮಾತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಪಡೆದುಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಿಕಲ್ ಸೆಲ್ ರೋಗವೂ ಸೇರಿದೆ, ಆ ಪ್ರಮಾಣಪತ್ರಕ್ಕೂ ಅರ್ಜಿ ಹಾಕಿ.

ಕಾಲದ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ: ಜೂನ್ ಮಳೆ ಹಿಡಿಯುವ ಮೊದಲು ಮುಗಿಸಿಬಿಡಿ. ರೊಬಸ್ಟಾ ಕೊಯ್ಲು ಮುಗಿದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಮನೆಯವರಿಗೂ ಬಿಡುವು, ಮೈಗೂ ಚಳಿಯಿಲ್ಲ, ಆನೆಚೌಕೂರು ಹುಣಸೂರು ದಾರಿಯಲ್ಲಿ ಮರ ಬಿದ್ದಿರುವುದಿಲ್ಲ. ಜುಲೈಯ ಗಾಳಿಮಳೆಯ ಒಂದು ರಾತ್ರಿ ಪಿತ್ತಕೋಶ ಊದಿಕೊಂಡು, ಕರೆಂಟಿಲ್ಲದೆ, ಫೋನ್ ಸಿಗದೆ, ರಕ್ತ ಹೊಂದಿಸಲು ಸಮಯವಿಲ್ಲದೆ ಆಗುವ ಆಪರೇಷನ್ನೇ ಆ ಇನ್ನೊಬ್ಬ ಡಾಕ್ಟರು ಹೆದರಿದ ಆಪರೇಷನ್. ಕೂಲಿ ಹೋಗುತ್ತದೆಂದು ಮುಂದೂಡುವುದು ನನಗೆ ಅರ್ಥವಾಗುತ್ತದೆ. ಆದರೆ ಕೊಯ್ಲು ಇರುವಾಗಲೇ ನೋವು ಮತ್ತೆ ಬಂದರೆ ಏಪ್ರಿಲ್‌ಗೂ ಕಾಯಬೇಡಿ.

ಪಿತ್ತಕೋಶವಿಲ್ಲದೆ ಬದುಕಬಹುದೇ ಎಂಬ ಭಯ ಎಲ್ಲರಿಗೂ ಇರುತ್ತದೆ. ಪಿತ್ತರಸ ಮಾಡುವುದು ಲಿವರ್. ಪಿತ್ತಕೋಶ ಅದನ್ನು ಕೂಡಿಡುವ ಚೀಲ ಮಾತ್ರ. ಅದು ಹೋದರೆ ಪಿತ್ತರಸ ನೇರವಾಗಿ ಕರುಳಿಗೆ ಹರಿಯುತ್ತದೆ. ಕೆಲವರಿಗೆ ಒಂದಷ್ಟು ದಿನ ಮಲ ಸಡಿಲವಾಗಬಹುದು, ಆಮೇಲೆ ಎಲ್ಲ ಊಟವೂ ಒಗ್ಗುತ್ತದೆ, ಹಂದಿಸಾರೂ ಸೇರಿ. ಒಂದೆರಡು ವಾರದಲ್ಲಿ ಮನೆಗೆಲಸ ಮಾಡಬಹುದು, ಕಾಫಿ ಮೂಟೆ ಹೊರುವಂಥ ಕೆಲಸಕ್ಕೆ ಡಾಕ್ಟರನ್ನು ಕೇಳಿ ಒಂದೂವರೆ ತಿಂಗಳಾದರೂ ಬಿಟ್ಟು ಹೋಗಲಿ. ಕಣ್ಣಿನ ಹಳದಿ ಮಾತ್ರ ಹಾಗೇ ಇರುತ್ತದೆ, ಏಕೆಂದರೆ ಕಣ ಒಡೆಯುವುದು ನಿಂತಿಲ್ಲ. ಅದೇ ಕಾರಣಕ್ಕೆ ಅಪರೂಪಕ್ಕೆ ನಾಳದಲ್ಲೇ ಹೊಸ ಕಲ್ಲು ಕಟ್ಟಬಹುದು. ಪಿತ್ತಕೋಶ ತೆಗೆಸಿದ್ದೇವಲ್ಲ ಎಂದು ನೋವು, ಜ್ವರ, ಬಿಳಿ ಮಲವನ್ನು ಅಲಕ್ಷ್ಯ ಮಾಡಬೇಡಿ. ಮದುವೆ, ಬಸಿರಿಗೆ ಆಪರೇಷನ್ ಅಡ್ಡಿಯಲ್ಲ. ಬಸಿರಿನಲ್ಲಿ ಕಲ್ಲಿನ ತೊಂದರೆ ಹೆಚ್ಚುವುದರಿಂದ ಮೊದಲೇ ತೆಗೆಸಿರುವುದು ಒಳ್ಳೆಯದು.

ನಿಮ್ಮ ಪತ್ರದಲ್ಲಿ ಹೈಡ್ರಾಕ್ಸಿಯೂರಿಯಾ ಮಾತ್ರೆಯ ಹೆಸರೇ ಇಲ್ಲ. ಅದು ನನ್ನನ್ನು ಕಲ್ಲಿಗಿಂತ ಹೆಚ್ಚು ಚಿಂತೆಗೆ ಹಚ್ಚಿತು. ಈ ಮಾತ್ರೆ ಎಳೆಮಗುವಿನ ಹಿಮೋಗ್ಲೋಬಿನ್ ಮತ್ತೆ ಹೆಚ್ಚುವಂತೆ ಮಾಡುತ್ತದೆ. ಕಣಗಳು ಬಾಗುವುದು, ಒಡೆಯುವುದು ಕಡಿಮೆಯಾಗಿ ಕೈಕಾಲು ನೋವು, ಆಸ್ಪತ್ರೆ ಸೇರುವುದು, ಬಿಲಿರುಬಿನ್ ಎಲ್ಲ ಇಳಿಯುತ್ತವೆ. ಕಟ್ಟಿದ ಕಲ್ಲನ್ನು ಇದು ಕರಗಿಸದು. ಆದರೆ ಇಷ್ಟು ನೋವು ಪಡುವ ಹುಡುಗಿಗೆ ಇದು ಬೇಕೋ ಎಂದು ಯಾರಾದರೂ ಯೋಚಿಸಲೇಬೇಕಿತ್ತು. ತೂಕ ನೋಡಿ ಡಾಕ್ಟರೇ ಶುರು ಮಾಡಬೇಕು, ರಕ್ತಕಣಗಳ ಎಣಿಕೆಯನ್ನು ಮತ್ತೆ ಮತ್ತೆ ಪರೀಕ್ಷಿಸಬೇಕು, ಬಸಿರಾಗುವ ಯೋಚನೆ ಇದ್ದರೆ ಮೊದಲೇ ಹೇಳಿ ನಿಲ್ಲಿಸಬೇಕು. ಫೋಲಿಕ್ ಆಸಿಡ್ ಮಾತ್ರೆ, ನ್ಯುಮೋಕಾಕಸ್ ಲಸಿಕೆ ಆಗಿದೆಯೇ ಎಂದೂ ಕೇಳಿ. ತೋಟಕ್ಕೆ ಹೋಗುವಾಗ ಬೆಲ್ಲದ ಕಾಫಿಯ ಫ್ಲಾಸ್ಕ್ ಜೊತೆ ನೀರಿನ ಬಾಟಲಿಯೂ ಇರಲಿ, ಮಳೆಯಲ್ಲಿ ನೆನೆದರೆ ಕೂಡಲೇ ಬಟ್ಟೆ ಬದಲಿಸಲಿ.

ಕೊನೆಗೆ ನಿಮ್ಮ ಬಗ್ಗೆ. ತಂಗಿಗೆ ರೋಗವಿದೆ ಎಂದರೆ ಅಪ್ಪ ಅಮ್ಮ ಇಬ್ಬರಲ್ಲೂ ಈ ಜೀನ್ ಇದೆ. ಅವರಿಬ್ಬರೂ ವಾಹಕರಷ್ಟೇ, ಅಂದರೆ ಜೀನ್ ಒಂದೇ ಪ್ರತಿ ಇರುವವರಷ್ಟೇ, ಆಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ವಾಹಕನಾಗುವ ಸಾಧ್ಯತೆ ಎರಡರಲ್ಲಿ ಒಂದು. ವಾಹಕರಿಗೆ ಇದರಿಂದ ಪಿತ್ತಕೋಶದ ಕಲ್ಲು ಆಗುವುದಿಲ್ಲ, ಅವರು ರೋಗಿಗಳೂ ಅಲ್ಲ. ಆದರೆ ವಾಹಕರಿಬ್ಬರು ಮದುವೆಯಾಗುವಾಗ ಅದು ಗೊತ್ತಿರಬೇಕು. ತಂಗಿಯನ್ನು ಮದುವೆಯಾಗುವ ಹುಡುಗನೂ ಪರೀಕ್ಷೆ ಮಾಡಿಸಿಕೊಳ್ಳಬೇಕು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಇದೆ, 40 ವರ್ಷದವರೆಗಿನವರ ತಪಾಸಣೆ ಅದರ ಗುರಿ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ನೀವೂ ಉಳಿದ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿ. ಮೊದಲ ಪರೀಕ್ಷೆಯಲ್ಲಿ ಇದೆ ಎಂದು ಬಂದರೆ ಎಚ್‌.ಪಿ.ಎಲ್‌.ಸಿ. ಪರೀಕ್ಷೆಯಿಂದ ರೋಗವೋ ವಾಹಕತ್ವವೋ ಖಚಿತವಾಗುತ್ತದೆ. ರೋಗವಿರುವ ತಮ್ಮ ತಂಗಿಯರು ಯಾರಾದರೂ ಇದ್ದು, ಅವರಿಗೂ ಊಟವಾದ ಮೇಲೆ ಹೊಟ್ಟೆನೋವು ಬರುತ್ತಿದ್ದರೆ ಮಡಿಕೇರಿಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಸ್ಕ್ಯಾನಿಂಗ್ ಅದೇ ದಿನ ಮಾಡಿಸಿಬಿಡಿ.